ಓಪನ್‌ಸಿವಿ ಟೋನ್‌ಮ್ಯಾಪಿಂಗ್: ಒಂದೇ ಕರ್ವ್ ಸಾಕೇ, ಲೋಕಲ್ ಅಡಾಪ್ಟೇಶನ್ ಬೇಕೇ?

ಚಿತ್ರ ಸಂಸ್ಕರಣೆಯ ಲೈಬ್ರರಿ ಓಪನ್‌ಸಿವಿಯ ಟೋನ್‌ಮ್ಯಾಪಿಂಗ್ (ಬೆಳಕಿನ ದೊಡ್ಡ ಅಂತರವನ್ನು ಪರದೆಗೆ ಹೊಂದುವಂತೆ ಕುಗ್ಗಿಸುವ) ಕ್ಲಾಸ್‌ಗಳನ್ನು ವರ್ಷಗಳಿಂದ ಬಳಸುತ್ತಿದ್ದೇನೆ. ನನ್ನ ಅಂಕ 5ಕ್ಕೆ 3.5. ಎಚ್‌ಡಿಆರ್ ಚಿತ್ರವನ್ನು (ಕಡುಗತ್ತಲೆಯಿಂದ ಉರಿಬೆಳಕಿನವರೆಗೆ ಹಿಡಿದದ್ದನ್ನು) ಸಾಮಾನ್ಯ ಪರದೆಗೆ ಇಳಿಸುವ ಕೋಡ್ ಬರೆಯುವವರಿಗೆ ನನ್ನ ಸಲಹೆ: ಇಡೀ ಚಿತ್ರಕ್ಕೆ ಒಂದೇ ಕರ್ವ್ ಹಾಕುವ (ಗ್ಲೋಬಲ್) ಡ್ರಾಗೊದಿಂದ ಶುರು ಮಾಡಿ. ಸುತ್ತಲಿನ ಪಿಕ್ಸೆಲ್‌ಗಳನ್ನೂ ನೋಡುವ ಲೋಕಲ್ ವಿಧಾನಕ್ಕೆ ಹೋಗಬೇಕಾದರೆ ಗಟ್ಟಿ ಕಾರಣ ಇರಲಿ.

ಡ್ರಾಗೊ 2003ರ ವಿಧಾನ. ಪಿಕ್ಸೆಲ್ ಎಷ್ಟು ಬೆಳಕಾಗಿದೆ ಎಂಬುದರ ಮೇಲೆ ಲಾಗರಿದಮ್‌ನ ಆಧಾರ ಬದಲಾಗುತ್ತದೆ, ಪಕ್ಕದ ಪಿಕ್ಸೆಲ್‌ಗಳ ಗೊಡವೆಗೆ ಮಾತ್ರ ಹೋಗುವುದಿಲ್ಲ. ಕರ್ವ್‌ನ ಬಾಗನ್ನು ತಿದ್ದುವ ಬಯಾಸ್‌ನ ಡಿಫಾಲ್ಟ್ 0.85. ನಾನು 0.7ರಿಂದ 0.9ರ ಆಚೆಗೆ ಹೋದದ್ದು ಕಡಿಮೆ. ಅಂಚುಗಳ ಸುತ್ತ ಹಾಲೋ (ಬೆಳಕಿನ ಬಳೆ) ಬರುವ ಪ್ರಶ್ನೆಯೇ ಇಲ್ಲ. ಕತ್ತಲ ಕೋಣೆ, ಅದರ ಕಿಟಕಿಯಾಚೆ ಉರಿಬಿಸಿಲು, ಎರಡೂ ಒಂದೇ ಚಿತ್ರದಲ್ಲಿದ್ದಾಗ ಮಾತ್ರ ಸಪ್ಪೆ ಅನ್ನಿಸುತ್ತದೆ.

ಹೆಚ್ಚಿನವರು ಗೊಂದಲಕ್ಕೆ ಬೀಳುವುದು ರೈನ್‌ಹಾರ್ಡ್‌ನಲ್ಲಿ. ಅದರಲ್ಲಿ 'ಲೈಟ್ ಅಡಾಪ್ಟ್' ಎಂಬ ಪ್ಯಾರಾಮೀಟರ್ ಇರುವುದರಿಂದ ಅದೇ ಲೋಕಲ್ ಅಡಾಪ್ಟೇಶನ್ ಎಂದುಕೊಳ್ಳುತ್ತಾರೆ. ಕೋಡ್ ತೆರೆದು ನೋಡಿ: 0 ಕೊಟ್ಟರೆ ಇಡೀ ಚಿತ್ರದ ಸರಾಸರಿಗೆ ಹೊಂದಿಕೊಳ್ಳುತ್ತದೆ, 1 ಕೊಟ್ಟರೆ ಆ ಪಿಕ್ಸೆಲ್‌ನ ಸ್ವಂತ ಮೌಲ್ಯಕ್ಕೆ. ಸುತ್ತಮುತ್ತಲಿನ ಲೆಕ್ಕ ಎಲ್ಲೂ ಇಲ್ಲ. ಇದು 2005ರ ಫೋಟೋರಿಸೆಪ್ಟರ್ (ಕಣ್ಣಿನ ಬೆಳಕು ಗ್ರಹಿಸುವ ಕೋಶ) ಮಾದರಿ. ರೈನ್‌ಹಾರ್ಡ್ ಮತ್ತು ಸಂಗಡಿಗರ 2002ರ ವಿಧಾನದಲ್ಲಿದ್ದ ಡಾಡ್ಜಿಂಗ್-ಬರ್ನಿಂಗ್ (ಜಾಗಕ್ಕೆ ತಕ್ಕಂತೆ ಬೆಳಗಿಸುವುದು, ಕಪ್ಪಾಗಿಸುವುದು) ಇಲ್ಲಿ ಸಿಗದು.

ನಿಜಕ್ಕೂ ನೆರೆಹೊರೆ ನೋಡುವುದು ಮ್ಯಾಂಟಿಯುಕ್. ಪಿರಮಿಡ್‌ನ (ಒಂದೇ ಚಿತ್ರದ ಕಿರಿದಾಗುತ್ತ ಹೋಗುವ ಪ್ರತಿಗಳ) ಹಂತಹಂತದಲ್ಲಿ ಕಾಂಟ್ರಾಸ್ಟ್ ಲೆಕ್ಕಹಾಕಿ, ಕುಗ್ಗಿಸಿ, ಚಿತ್ರವನ್ನು ಮತ್ತೆ ಕಟ್ಟುತ್ತದೆ. ಹಾಗಾಗಿ ನಿಧಾನ. ಆದರೆ ನೆರಳಿನ ವಿವರ ಎದ್ದು ಬರುತ್ತದೆ, ಸ್ಥಿರಚಿತ್ರಕ್ಕೆ ನನಗೆ ಇಷ್ಟ. ಅಂಚು ಉಳಿಸಿ ನಯಗೊಳಿಸುವ ಬೈಲ್ಯಾಟರಲ್ ಫಿಲ್ಟರ್ ಆಧರಿಸಿದ ಡ್ಯೂರಾಂಡ್ ಬೇಕೆಂದರೆ ಕಾಂಟ್ರಿಬ್‌ನ (ಹೆಚ್ಚುವರಿ ಮಾಡ್ಯೂಲ್‌ಗಳ ಸಂಗ್ರಹ) ಎಕ್ಸ್‌ಫೋಟೋ ಮಾಡ್ಯೂಲನ್ನು ನಾನ್‌ಫ್ರೀ ಆಯ್ಕೆಯೊಂದಿಗೆ ನೀವೇ ಬಿಲ್ಡ್ ಮಾಡಿಕೊಳ್ಳಬೇಕು.

ಲೋಕಲ್ ವಿಧಾನಕ್ಕೆ ತೆರಬೇಕಾದ ಬೆಲೆ ವೇಗವೊಂದೇ ಅಲ್ಲ. ದೃಶ್ಯದಲ್ಲಿ ಮಬ್ಬಾಗಿದ್ದ ಪಿಕ್ಸೆಲ್ ಔಟ್‌ಪುಟ್‌ನಲ್ಲಿ ಪ್ರಕಾಶಮಾನವಾದದ್ದನ್ನೇ ಮೀರಿಸಬಹುದು. ಕಣ್ಣಿಗೆ ಅದು ಚೆಂದ. ಅದೇ ಚಿತ್ರದಿಂದ ಬೆಳಕಿನ ಮಟ್ಟ ಅಳೆಯಲು ಹೊರಟಿರೋ, ಕೆಟ್ಟಿರಿ. ಅಳತೆಗೆ ಮೂಲ ಫ್ಲೋಟ್ (ದಶಮಾಂಶ ಸಂಖ್ಯೆಗಳ) ಡೇಟಾ ಇಟ್ಟುಕೊಳ್ಳಿ, ಟೋನ್‌ಮ್ಯಾಪ್ ಆದದ್ದು ನೋಡುವುದಕ್ಕೆ ಮಾತ್ರ.

ವಿಡಿಯೊದಲ್ಲಿ ಯಾವುದೂ ನೇರವಾಗಿ ಒದಗುವುದಿಲ್ಲ. ಪ್ರತಿ ಫ್ರೇಮ್‌ನ ಕನಿಷ್ಠ, ಗರಿಷ್ಠ ಮೌಲ್ಯಗಳನ್ನು ಹುಡುಕಿ ಅದಕ್ಕೆ ತಕ್ಕಂತೆ ಹಿಗ್ಗಿಸುವುದು ಈ ಕ್ಲಾಸ್‌ಗಳ ಸ್ವಭಾವ. ಗಾಜಿನ ಮೇಲೆ ಕ್ಷಣಕಾಲ ಸೂರ್ಯ ಮಿನುಗಿದರೂ ಇಡೀ ಫ್ರೇಮ್ ಮಂಕಾಗುತ್ತದೆ, ಮುಂದಿನ ಫ್ರೇಮ್‌ನಲ್ಲಿ ಮತ್ತೆ ಬೆಳಗುತ್ತದೆ. ಹಿಂದಿನ ಫ್ರೇಮನ್ನು ನೆನಪಿಟ್ಟುಕೊಳ್ಳುವ ಏರ್ಪಾಡು ಲೈಬ್ರರಿಯಲ್ಲಿಲ್ಲ. ನಾನು ಡ್ರಾಗೊ ಸೂತ್ರವನ್ನು ಕೈಯಾರೆ ಬರೆದುಕೊಂಡು, ಲಾಗ್ ಸರಾಸರಿ ಮತ್ತು ಗರಿಷ್ಠ ಮೌಲ್ಯ ಫ್ರೇಮಿನಿಂದ ಫ್ರೇಮಿಗೆ ನಿಧಾನವಾಗಿ ಬದಲಾಗುವಂತೆ ಮಾಡಿದ್ದೇನೆ. ಗ್ಲೋಬಲ್ ಕರ್ವ್ ಆದ್ದರಿಂದ ಇಷ್ಟು ಸಲೀಸಾಯಿತು. ಮ್ಯಾಂಟಿಯುಕ್‌ಗೆ ಹೀಗೆ ಮಾಡುವುದನ್ನು ನೆನೆಸಿಕೊಂಡರೇ ಸುಸ್ತು.

ಹೊಸಬರಿಗೆ ಇನ್ನೆರಡು ಮಾತು. ಗಾಮಾ ಡಿಫಾಲ್ಟ್ 1.0 ಇರುತ್ತದೆ, ಚಿತ್ರ ಕಪ್ಪಾಗಿ ಕಂಡರೆ 2.2 ಕೊಟ್ಟು ನೋಡಿ. ಔಟ್‌ಪುಟ್ 0ರಿಂದ 1ರವರೆಗಿನ ಫ್ಲೋಟ್, ಉಳಿಸುವ ಮುನ್ನ 255ರಿಂದ ಗುಣಿಸಿ.

ಬೇರೆಬೇರೆ ಎಕ್ಸ್‌ಪೋಶರ್‌ನಲ್ಲಿ ತೆಗೆದ ಫೋಟೋಗಳಿಂದ ನೋಡಲು ಚೆನ್ನಾಗಿರುವ ಒಂದು ಚಿತ್ರ ಸಿಕ್ಕರೆ ಸಾಕು ಎನ್ನುವವರು ಈ ಗೋಜಿಗೇ ಹೋಗಬೇಡಿ. ಓಪನ್‌ಸಿವಿಯಲ್ಲೇ ಇರುವ, ಫೋಟೋಗಳನ್ನು ನೇರವಾಗಿ ಬೆಸೆಯುವ ಮರ್ಜ್ ಮರ್ಟೆನ್ಸ್ ಬಳಸಿ. ಅದಕ್ಕೆ ಎಕ್ಸ್‌ಪೋಶರ್ ಸಮಯವೂ ಬೇಡ, ಟೋನ್‌ಮ್ಯಾಪಿಂಗೂ ಬೇಡ.