ಸೋಲಂಗ್‌ನಲ್ಲಿ ಹಿಂದಿನ ಸೀಟು, ಗುಲ್ಮರ್ಗ್‌ನಲ್ಲಿ ಹ್ಯಾಂಡಲ್

ಮೊದಲೇ ಹೇಳಿಬಿಡುತ್ತೇನೆ, ಹಿಮದ ಮೇಲೆ ಮೊದಲ ಸಲ ಗಾಡಿ ಓಡಿಸಬೇಕು ಅನ್ನುವವರು ಕಾಶ್ಮೀರದ ಗುಲ್ಮರ್ಗ್‌ಗೆ ಹೋಗಿ. ಅದೂ ಗೊಂಡೋಲಾ, ಅಂದರೆ ಕೇಬಲ್ ಕಾರ್, ಹತ್ತಿ ಮೇಲೆ ಅಲ್ಲ, ಕೆಳಗಿನ ಬಯಲಿನಲ್ಲೇ ಓಡಿಸಿ. ಎರಡು ವರ್ಷದ ಹಿಂದೆ ಮನಾಲಿ ಹತ್ತಿರದ ಸೋಲಂಗ್‌ನಲ್ಲಿ ದುಡ್ಡು ಕೊಟ್ಟೂ ತೀರದ ಆಸೆ ನನಗೆ ತೀರಿದ್ದು ಅಲ್ಲಿ.

ಹುಬ್ಬಳ್ಳಿಯ ನವನಗರದಿಂದ ಧಾರವಾಡದ ಆಫೀಸಿಗೆ ಹದಿನೆಂಟು ವರ್ಷದಿಂದ ದಿನಾ ಸ್ಕೂಟರ್ ಮೇಲೆ ಹೋಗಿಬರುವವಳು ನಾನು. ಬಿಆರ್‌ಟಿಎಸ್ ಬಸ್ ದಾರಿಯ ಕೆಲಸ ನಡೆದಾಗಿನ ಧೂಳು, ರಾಯಾಪುರದ ಹತ್ತಿರ ಮಳೆಗಾಲದ ತಗ್ಗು, ಎಲ್ಲವನ್ನೂ ಅದರ ಮೇಲೇ ದಾಟಿದ್ದೇನೆ. ಯಾರದೋ ಬೆನ್ನ ಹಿಂದೆ ಕೂತು ಸುತ್ತು ಹಾಕುವುದು ನನಗೆ ಬೇಕಿರಲಿಲ್ಲ.

ಮುಂದೆ ಚಕ್ರದ ಬದಲು ಸ್ಕೀ ಹಲಗೆ, ಹಿಂದೆ ರಬ್ಬರಿನ ಪಟ್ಟಾ ಇರುವ ಈ ಹಿಮದ ಗಾಡಿಗೆ ಸೋಲಂಗ್‌ನಲ್ಲಿ ಸ್ನೋ ಸ್ಕೂಟರ್ ಅನ್ನುತ್ತಾರೆ. ಟ್ಯಾಕ್ಸಿಯವನು ದಾರಿಯಲ್ಲಿ ಒಂದು ಅಂಗಡಿ ಮುಂದೆ ನಿಲ್ಲಿಸಿದ. ಕೋಟು, ಗಮ್‌ಬೂಟು ಬಾಡಿಗೆಗೆ ತಗೊಂಡು, ಸ್ಕೂಟರ್ ಸುತ್ತಿನ ಚೀಟಿಯನ್ನೂ ಅಲ್ಲೇ ಮಾಡಿಸಿದೆವು. ನಾನೇ ಓಡಿಸುವುದು, ಅಲ್ಲವಾ ಎಂದು ಹಿಂದಿಯಲ್ಲಿ ಎರಡು ಸಲ ಕೇಳಿದೆ. ಎರಡು ಸಲವೂ ಹೂಂ ಅಂದರು.

ಬಯಲಿಗೆ ಹೋದರೆ ಡ್ರೈವರ್ ಆಗಲೇ ಮುಂದೆ ಕೂತಿದ್ದ. ಹಿಂದಿನ ಸೀಟು ತಟ್ಟಿ ತೋರಿಸಿದ. ಚೀಟಿ ಹಿಡಿದೆ. ಅಂಗಡಿಯವರು ಹೇಳಿದ್ದನ್ನು ಅಂಗಡಿಯಲ್ಲೇ ಕೇಳಿ, ಇಲ್ಲಿ ಗಾಡಿ ನನ್ನದು ಅಂದ. ನಮ್ಮ ಮನೆಯವರು, "ಇರ್ಲಿ ಬಿಡು, ಇಷ್ಟ್ ದೂರ ಬಂದೀವಿ, ಒಂದ್ ಸುತ್ತ ಹಾಕ್ಕೊಂಡ್ ಬಾ" ಅಂದರು. ಕೂತೆ. ಅವರು ತೆಗೆದ ವಿಡಿಯೋ ನಾಲ್ಕು ನಿಮಿಷದ್ದು. ಅಷ್ಟೂ ಹೊತ್ತು ನನ್ನ ಕಣ್ಣ ಮುಂದೆ ಇದ್ದದ್ದು ಆತನ ಜಾಕೆಟ್ಟಿನ ಬೆನ್ನು, ಮೂಗಿಗೆ ಆಯಿಲ್ ಸುಟ್ಟ ಹೊಗೆ.

ಇಳಿದ ಮೇಲೆ ನೋಡಿದ್ದು ಇನ್ನೂ ಚುಚ್ಚಿತು. ನನ್ನ ಹಿಂದೆ ಸರತಿಯಲ್ಲಿ ನಿಂತಿದ್ದ ಇಪ್ಪತ್ತರ ಆಸುಪಾಸಿನ ಹುಡುಗನನ್ನು ಅದೇ ಡ್ರೈವರ್ ಮುಂದೆ ಕೂಡಿಸಿ, ಹ್ಯಾಂಡಲ್ ಕೈಗೆ ಕೊಟ್ಟು ಕಳಿಸಿದ. ಗಾಡಿ ಓಡಿಸಲು ಬರುತ್ತದೋ ಅಂತ ಒಂದು ಮಾತೂ ಕೇಳಲಿಲ್ಲ, ಬ್ರೇಕ್ ಎಲ್ಲಿದೆ ಅಂತಲೂ ಹೇಳಲಿಲ್ಲ. ಹೆಂಗಸು ಅಂದಮೇಲೆ ಹಿಂದೆ ಕೂಡುವವಳು ಅಂತ ಆತ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದ. ತಿರುಗಿ ಅಂಗಡಿಗೆ ಹೋಗಿ ಕೇಳಿದರೆ, ಬಯಲಿನವರನ್ನೇ ಕೇಳಿ ಅಂದರು. ಆ ಸಿಟ್ಟು ದಿಲ್ಲಿ ದಾಟಿ ಹುಬ್ಬಳ್ಳಿ ಮುಟ್ಟಿದರೂ ಇಳಿದಿರಲಿಲ್ಲ.

ಹೀಗಾಗಿ ಗುಲ್ಮರ್ಗ್‌ನಲ್ಲಿ ಏಜೆಂಟರ ಹತ್ತಿರ ಚೀಟಿ ಮಾಡಿಸಲೇ ಇಲ್ಲ. ತಂಗ್‌ಮರ್ಗ್‌ನಲ್ಲಿ ಇಳಿದು, ಟೈರಿಗೆ ಚೈನ್ ಕಟ್ಟಿದ ಗಾಡಿಯಲ್ಲಿ 13 ಕಿ.ಮೀ. ಏರು ಹತ್ತಿ, ಬಯಲಿನಲ್ಲಿ ಗಾಡಿ ಓಡಿಸುವವನ ಜೊತೆಗೇ ಮಾತಾಡಿದೆ. ಅಲ್ಲಿ ಇದಕ್ಕೆ ಸ್ನೋ ಬೈಕ್ ಅನ್ನುತ್ತಾರೆ. ಮುಂದೆ ನಾನು, ಹಿಂದೆ ನೀನು, ಅರ್ಧ ದುಡ್ಡು ಈಗ, ಅರ್ಧ ಇಳಿದ ಮೇಲೆ ಅಂದೆ. ಒಪ್ಪಿದ.

ಎಂಜಿನ್ ಹಚ್ಚುವ ಮೊದಲು ಐದು ನಿಮಿಷ ಪಾಠ ಮಾಡಿದ. ನಮ್ಮಂಥ ಸ್ಕೂಟರಿನವರಿಗೆ ಅದೇ ಮುಖ್ಯ. ಗೇರಿಲ್ಲ, ಅದು ಸಲೀಸು. ಆದರೆ ಎಕ್ಸಲೇಟರ್ ತಿರುವುವುದಲ್ಲ, ಬಲಗೈ ಹೆಬ್ಬೆರಳಿನಿಂದ ಒತ್ತುವ ಪಟ್ಟಿ. ಬ್ರೇಕ್ ಎಡಗೈಗೆ ಮಾತ್ರ. ನಮ್ಮ ಸ್ಕೂಟರಿನಲ್ಲಿ ಎರಡೂ ಕೈಗೆ ಬ್ರೇಕ್ ಇರುತ್ತದೆ, ಗಾಬರಿಯಾದರೆ ಬಲಗೈ ತಾನೇ ಮುಷ್ಟಿ ಬಿಗಿಯುತ್ತದೆ. ಇಲ್ಲಿ ಬಲ ಮುಷ್ಟಿ ಬಿಗಿದರೆ ಹೆಬ್ಬೆರಳೂ ಒತ್ತುತ್ತದೆ, ಗಾಡಿ ನಿಲ್ಲುವ ಬದಲು ನುಗ್ಗುತ್ತದೆ.

ನನಗೂ ಅದೇ ಆಯಿತು. ಸ್ಲೆಡ್ಜ್ ಎಳೆಯುವವನೊಬ್ಬ ಅಡ್ಡ ಬಂದ. ಹದಿನೆಂಟು ವರ್ಷದ ರೂಢಿಯಂತೆ ಬಲಗೈ ಬಿಗಿಹಿಡಿದೆ. ಗಾಡಿ ಹಾರಿದಂತೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಎಂಜಿನ್ ಬಂದ್ ಆಯಿತು. ಹ್ಯಾಂಡಲ್ ಹತ್ತಿರ ಸಿಕ್ಕಿಸುವ ಸುರುಳಿ ಹಗ್ಗದ ಇನ್ನೊಂದು ತುದಿಯನ್ನು ಆತ ತನ್ನ ಮಣಿಕಟ್ಟಿಗೆ ಕಟ್ಟಿಕೊಂಡಿದ್ದ. ಕೈ ಹಿಂದಕ್ಕೆ ಜಗ್ಗಿದರೆ ಸಾಕು, ಹಗ್ಗ ಕಳಚಿ ಗಾಡಿ ನಿಲ್ಲುತ್ತದೆ. ಬೈಯಲಿಲ್ಲ. ಉಳಿದ ದಾರಿಯುದ್ದಕ್ಕೂ "ಹೆಬ್ಬೆರಳು ಮೇಲೆ, ಮೇಡಂ" ಅಂತ ಹಿಂದಿಯಲ್ಲಿ ಹೇಳುತ್ತಲೇ ಇದ್ದ. ಸೋಲಂಗ್‌ನಲ್ಲಿ ಆ ಹುಡುಗನಿಗೆ ಹ್ಯಾಂಡಲ್ ಕೊಟ್ಟ ರೀತಿಯಲ್ಲಿ ನನಗೂ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಆಗ ಎದೆ ಝಲ್ ಎಂದಿತು.

ಇನ್ನೊಂದು ರೂಢಿ ಕಾಲಿನದು. ಗಾಡಿ ವಾಲಿದರೆ ನಾವು ಕಾಲು ಕೊಡುತ್ತೇವೆ. ಇದರ ಮೇಲೆ ಕಾಲು ಹೊರಗೆ ಬಿಟ್ಟರೆ ಹಿಮದಲ್ಲಿ ಸಿಕ್ಕು ತಿರುಚಿಕೊಳ್ಳುತ್ತದೆ, ಗಾಡಿಯ ಅಡಿಗೂ ಬರಬಹುದು. ಪಾದ ಕಾಲಿಡುವ ಹಲಗೆಯ ಮೇಲೇ ಇರಬೇಕು, ತಿರುವಿನಲ್ಲಿ ಮೈಯನ್ನು ತಿರುವಿನ ಕಡೆಗೇ ವಾಲಿಸಬೇಕು. ಎರಡನೇ ಸುತ್ತಿಗೆ ಅದು ಮೈಗೆ ಹತ್ತಿತು.

ಗೊಂಡೋಲಾದ ಮೊದಲ ಹಂತ ಕೊಂಗ್‌ಡೂರಿ, ಮೂರು ಸಾವಿರ ಮೀಟರಿಗಿಂತ ಎತ್ತರ. ಅಲ್ಲಿಯೂ ಸ್ನೋ ಬೈಕ್ ಇವೆ, ಅಫರ್ವಾಟ್ ಬೆಟ್ಟ ಎದುರಿಗೇ ನಿಂತಂತೆ ಕಾಣುತ್ತದೆ. ಆದರೆ ಇಳಿಜಾರು, ಮೇಲಿನಿಂದ ಸ್ಕೀ ಮಾಡುವವರು ಬರುತ್ತಲೇ ಇರುತ್ತಾರೆ. ಹ್ಯಾಂಡಲ್ ಕೊಡಲಿಲ್ಲ. ಕೊಡದಿದ್ದದ್ದೇ ಸರಿ. ನಮ್ಮ ಮನೆಯವರಿಗೆ ಮೂರು ಜಾಗದಲ್ಲಿ ಇದೇ ಹೆಚ್ಚು ಹಿಡಿಸಿತು. ಅವರಿಗೆ ಕೂತು ನೋಡುವುದೇ ಖುಷಿ.

ಗಮ್‌ಬೂಟು ಎರಡೂ ಕಡೆ ನೆನೆಯಿತು, ಎರಡು ಜೊತೆ ಉಣ್ಣೆಯ ಕಾಲುಚೀಲ ಒಯ್ಯಿರಿ.

ಖರ್ಚಿನಲ್ಲಿ ಮನಾಲಿ ಅಗ್ಗ, ದಿಲ್ಲಿಯಿಂದ ರಾತ್ರಿ ಬಸ್ಸಿನಲ್ಲೇ ಹೋಗಬಹುದು. ಸೋಲಂಗ್‌ನಲ್ಲಿ ಹಿಮ ಕಡಿಮೆಯಿದ್ದರೆ 2020ರಲ್ಲಿ ತೆರೆದ 9.02 ಕಿ.ಮೀ. ಉದ್ದದ ಅಟಲ್ ಸುರಂಗ ದಾಟಿ ಲಾಹೌಲ್ ಕಡೆ ಹಿಮ ನೋಡಿ ಬರಬಹುದು. ನಾವು ಶ್ರೀನಗರಕ್ಕೆ ವಿಮಾನ ಹಿಡಿದೆವು. ಆ ಹೆಚ್ಚಿನ ದುಡ್ಡಿಗಾಗಿ ಒಂದು ವರ್ಷ ತಿಂಗಳು ತಿಂಗಳು ಕೂಡಿಟ್ಟಿದ್ದೆ, ಕೊಟ್ಟದ್ದಕ್ಕೆ ನೋವಿಲ್ಲ. ಜನವರಿ ಮಾತ್ರ ನಂಬಬೇಡಿ. 2024ರ ಜನವರಿಯಲ್ಲಿ ಗುಲ್ಮರ್ಗ್‌ನ ಬಯಲು ಬಹುಪಾಲು ದಿನ ಹಿಮವಿಲ್ಲದೆ ಒಣಗಿತ್ತು. ನಾವು ಫೆಬ್ರವರಿ ಎರಡನೇ ವಾರ ಹೋದೆವು, ಬಯಲಿನ ತುಂಬ ಹಿಮ.

ಮುಂದಿನ ಸಲ ಮಗಳೂ ಬರುತ್ತಾಳೆ, ಲೈಸೆನ್ಸ್ ತಗೊಂಡು ಆರು ತಿಂಗಳಾಯಿತು. ಗೊಂಡೋಲಾ ಟಿಕೆಟ್ ಬಿಟ್ಟು, ಆ ದುಡ್ಡಿಗೆ ಕೆಳಗಿನ ಬಯಲಿನಲ್ಲಿ ಅವಳಿಗೆ ಎರಡು ಸುತ್ತು, ನನಗೆ ಎರಡು.