ನಾಟಕದ ಮಾತು ಮಕ್ಕಳಿಗೆ: ಕಾರ್ಡು, ರಟ್ಟಿನ ಡಬ್ಬಿ, ತಾಲೀಮು, ಚೌಕಿ

ನಮ್ಮ ಅಪಾರ್ಟ್‌ಮೆಂಟಿನ ಶನಿವಾರದ ಕನ್ನಡ ಕ್ಲಾಸಿಗೆ ಆರರಿಂದ ಹನ್ನೊಂದು ವರ್ಷದ ಮಕ್ಕಳು ಬರುತ್ತಾರೆ. ರಾಜ್ಯೋತ್ಸವಕ್ಕೆ ಪುಟ್ಟ ನಾಟಕ ಆಡಿಸುವುದಿತ್ತು. ಅದರ ಜೊತೆಗೇ ರಂಗ, ತೆರೆ, ಪಾತ್ರ, ಸಂಭಾಷಣೆ, ಪ್ರವೇಶ, ಪರಿಕರ ಇಂಥ ಮಾತುಗಳು ಅವರ ಬಾಯಲ್ಲಿ ಓಡಾಡಲಿ ಅನ್ನೋದು ನನ್ನ ಆಸೆ. ನಾಲ್ಕು ದಾರಿ ಹಿಡಿದು ನೋಡಿದೆ: ಚಿತ್ರದ ಕಾರ್ಡು, ರಟ್ಟಿನ ಡಬ್ಬಿಯ ರಂಗಮಂದಿರ, ತಾಲೀಮು, ಮತ್ತೆ ಯಕ್ಷಗಾನದವರು ವೇಷ ಕಟ್ಟಿಕೊಳ್ಳುವ ಜಾಗವಾದ ಚೌಕಿ. ಒಂದೇ ಒಂದು ಆರಿಸಿ ಅಂದರೆ ತಾಲೀಮು, ಅದರಲ್ಲಿ ಎರಡು ಮಾತಿಲ್ಲ. ಹಾಗಂತ ಮಿಕ್ಕವು ದಂಡ ಅಲ್ಲ, ಒಂದೊಂದು ಒಂದೊಂದಕ್ಕೆ ಆಗುತ್ತೆ.

ಮೊದಲು ಕಾರ್ಡು. ಅಂಗಡಿಯಲ್ಲಿ ಹಣ್ಣು, ಪ್ರಾಣಿ, ವಾಹನದ ಕಾರ್ಡು ಬೇಕಾದಷ್ಟಿವೆ, ನಾಟಕದ್ದು ನನಗಂತೂ ಸಿಗಲಿಲ್ಲ. ಹಳೇ ಮದುವೆ ಪತ್ರಿಕೆಗಳ ಹಿಂದೆ ಚಿತ್ರ ಅಂಟಿಸಿ ಮಾಡಿಕೊಂಡೆ. ಕಿರೀಟ, ಗೆಜ್ಜೆ, ಮುಖವಾಡ, ಹಾರ್ಮೋನಿಯಂ ಸಲೀಸಾಗಿ ಬಂದವು. ಆದರೆ ಸಂಭಾಷಣೆಗೆ ಏನು ಚಿತ್ರ ಹಾಕ್ತೀರಿ? ಇಬ್ಬರು ಮಾತಾಡುತ್ತಿರುವ ಚಿತ್ರ ತೋರಿಸಿದರೆ ಒಬ್ಬ "ಜಗಳ" ಅಂದ. ಕೈ ಎತ್ತಿ ನಿಂತ ನಿರ್ದೇಶಕರನ್ನು ಎಲ್ಲರೂ ಒಟ್ಟಿಗೆ "ಟ್ರಾಫಿಕ್ ಪೊಲೀಸ್" ಮಾಡಿಬಿಟ್ಟರು. ಮುಂದಿನ ವಾರ ಕೇಳಿದರೆ ವಸ್ತುಗಳ ಹೆಸರು ನೆನಪಿತ್ತು, ಉಳಿದದ್ದು ಇಲ್ಲ. ಖರ್ಚಿಲ್ಲ, ಗಲಾಟೆಯಿಲ್ಲ, ಅಷ್ಟೇ ಅದರ ಹೆಚ್ಚುಗಾರಿಕೆ.

ರಟ್ಟಿನ ಡಬ್ಬಿಯ ರಂಗಮಂದಿರ ಮಾತ್ರ ನನಗೇ ಖುಷಿ ಕೊಟ್ಟ ಕೆಲಸ. ಮಿಕ್ಸಿ ಬಂದಿದ್ದ ಪೆಟ್ಟಿಗೆಯ ಮುಂದುಗಡೆ ಕತ್ತರಿಸಿ, ದಾರಕ್ಕೆ ಬ್ಲೌಸ್ ಪೀಸ್ ಪೋಣಿಸಿ ತೆರೆ ಕಟ್ಟಿದೆವು, ಎರಡೂ ಪಕ್ಕ ರಟ್ಟಿನ ಪಟ್ಟಿ ನಿಲ್ಲಿಸಿದರೆ ನಟರು ಮರೆಯಲ್ಲಿ ಕಾಯುವ ಸೈಡ್ ವಿಂಗ್ ಆಯಿತು, ಮೇಲೆ ತೂತು ಕೊರೆದು ಟಾರ್ಚ್ ಇಟ್ಟರೆ ಬೆಳಕು. ಟಾರ್ಚಿಗೆ ಕೆಂಪು ಜಿಲೆಟಿನ್ ಹಾಳೆ ಕಟ್ಟಿದಾಗ "ಬೆಂಕಿ ಬಿತ್ತು" ಅಂತ ಕೂಗಿದವರು ನೀಲಿ ಹಾಕಿದ ಕೂಡಲೇ ತಾವಾಗಿಯೇ ದನಿ ತಗ್ಗಿಸಿದರು, ರಾತ್ರಿ ಆಯಿತಲ್ವಾ! ಬೆಳಕಿನ ವಿನ್ಯಾಸ ಅಂದರೆ ಏನು ಅಂತ ಮತ್ತೆ ವಿವರಿಸಬೇಕಾಗಲಿಲ್ಲ. ಹಳೇ ಕಾಲದ ನಾಟಕ ಕಂಪನಿಯಾದ ಗುಬ್ಬಿ ಕಂಪನಿಯವರು ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆಯನ್ನೇ ರಂಗದ ಮೇಲೆ ತರುತ್ತಿದ್ದರು ಅಂದದ್ದೇ ತಡ, ಯಾರದೋ ಮನೆಯಿಂದ ಪ್ಲಾಸ್ಟಿಕ್ ಆನೆ ಬಂತು, ಅದು ವಿಂಗಿನಲ್ಲಿ ತೂರದೆ ಇಡೀ ರಂಗಸಜ್ಜಿಕೆ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಆ ಬಿಚ್ಚಿ ಕಟ್ಟುವುದರಲ್ಲೇ ಅರ್ಧ ಪಾಠ ಆಗಿಹೋಯಿತು.

ಡಬ್ಬಿಯದ್ದು ಒಂದು ದೊಡ್ಡ ತೊಂದರೆ ಇದೆ, ಅದನ್ನು ಯಾರೂ ಹೇಳುವುದಿಲ್ಲ. ರಂಗದ ಬಲ, ಎಡ ಅಂದರೆ ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತ ನಟನ ಬಲ, ಎಡ. ಮಗು ಡಬ್ಬಿಯ ಮುಂದೆ ಕೂತು ನೋಡುವುದರಿಂದ ಎಲ್ಲ ಉಲ್ಟಾ ಕಲಿಯುತ್ತೆ. ಇದಕ್ಕೆ ನಾನು ಕಂಡುಕೊಂಡ ಉಪಾಯ, ಹಿಂದಿನ ಗೋಡೆಯನ್ನೂ ಕತ್ತರಿಸಿ ಗೊಂಬೆ ಆಡಿಸುವವರನ್ನು ಹಿಂದೆಯೇ ಕೂರಿಸುವುದು. ಆಗ ಅವರ ಬಲವೂ ನಟನ ಬಲವೂ ಒಂದೇ ಆಗುತ್ತೆ.

ತಾಲೀಮಿನಲ್ಲಿ ಈ ರಗಳೆಯೇ ಇಲ್ಲ, ಮಗುವೇ ರಂಗದ ಮೇಲೆ ನಿಂತಿರುತ್ತೆ. ಇಲ್ಲಿ ನಾನು ಪಾತ್ರದ ಜೊತೆ ಕೆಲಸವನ್ನೂ ಹಂಚಿದೆ. ಒಬ್ಬರು ತೆರೆ, ಒಬ್ಬರು ಪರಿಕರ, ಒಬ್ಬರು ಬೆಳಕು, ಒಬ್ಬರು ಮಾತು ಮರೆತವರಿಗೆ ಹಿಂದಿನಿಂದ ಹೇಳಿಕೊಡುವ ಪ್ರಾಂಪ್ಟರ್. ವಾರಕ್ಕೊಮ್ಮೆ ಕೆಲಸ ಬದಲು. ಪರಿಕರದವರು ಕತ್ತಿ ಎತ್ತಿಡದಿದ್ದರೆ ರಾಜ ಬರಿಗೈಲಿ ಯುದ್ಧಕ್ಕೆ ಹೋಗಬೇಕು, ಆಗ ರಾಜನೇ "ಪರಿಕರ ಎಲ್ಲಿ?" ಅಂತ ಕಿರುಚುತ್ತಾನೆ, ನಾನು ಬಾಯಿ ತೆರೆಯಬೇಕಾದ್ದೇ ಇಲ್ಲ. ವಿಂಗಿನಲ್ಲಿ ನಿಲ್ಲುವವರಿಗೆ ಹೇಳಿಕೊಟ್ಟ ನಿಯಮ ಒಂದೇ: ನಿನಗೆ ಪ್ರೇಕ್ಷಕರು ಕಂಡರೆ ಅವರಿಗೂ ನೀನು ಕಾಣ್ತೀಯ. ಕ್ಲಾಸಿನಲ್ಲಿ ಸದಾ ಸುಮ್ನೆ ಕೂರುವ ಹುಡುಗಿಯೊಬ್ಬಳು ಪ್ರಾಂಪ್ಟರ್ ಆದ ದಿನ "ಆಂಟೀ, ಮಂತ್ರಿ ವಿಂಗಿಂದ ಆಚೆ ಕಾಣ್ತಿದ್ದಾನೆ, ಅವನ ಪ್ರವೇಶ ಇನ್ನೂ ಬಂದೇ ಇಲ್ಲ!" ಅಂದಳು. ಯಾವ ಕಾರ್ಡಿಗೂ ಆಗದ ಕೆಲಸ ಇದು.

ಕಷ್ಟವೂ ಜಾಸ್ತಿ. ಗಂಟಲು ಹೋಗುತ್ತೆ, ಕೆಳಗಿನ ಮನೆಯವರು ಫೋನ್ ಮಾಡುತ್ತಾರೆ, ಎಲ್ಲರಿಗೂ ರಾಜನೇ ಆಗಬೇಕು. ಒಂದು ವಾರ ತಪ್ಪಿಸಿದ ಮಗು ಹಿಂದೆ ಬೀಳುತ್ತೆ.

ಚೌಕಿಯ ವಿಷಯ ಬೇರೆಯೇ. ರಜೆಗೆ ಕುಂದಾಪುರದ ಕಡೆ ಹೋದಾಗ ನನ್ನ ಮಗನನ್ನೂ ಅಣ್ಣನ ಮಗಳನ್ನೂ ಯಕ್ಷಗಾನ ಆಟಕ್ಕೆ ಬೇಗ ಕರೆದುಕೊಂಡು ಹೋಗಿ, ಕೇಳಿಕೊಂಡು ಚೌಕಿಯೊಳಗೆ ಕೂರಿಸಿದೆ. ಗಣಪತಿಯ ಮುಂದೆ ದೀಪ, ಎರಡು ಸಾಲಿನಲ್ಲಿ ಕಲಾವಿದರು, ಒಬ್ಬೊಬ್ಬರ ಮುಂದೂ ಪೆಟ್ಟಿಗೆ, ಕನ್ನಡಿ. ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಿದ್ದರು. ಮುಂಡಾಸು ಅಂದರೆ ಟೋಪಿಯ ಹಾಗೆ ಎತ್ತಿ ಇಟ್ಟುಕೊಳ್ಳೋದು ಅಂದುಕೊಂಡಿದ್ದ ಮಗ, ಅದನ್ನು ತಲೆಯ ಮೇಲೇ ಸುತ್ತಿ ಸುತ್ತಿ ಕಟ್ಟುವುದನ್ನು ಬಾಯಿಬಿಟ್ಟು ನೋಡಿದ. ಭಾಗವತರು, ಚೆಂಡೆ, ಮದ್ದಳೆ, ಹಿಮ್ಮೇಳ, ಮುಮ್ಮೇಳ, ಒಡ್ಡೋಲಗ ಎಲ್ಲ ಒಂದೇ ರಾತ್ರಿಯಲ್ಲಿ ಕಿವಿಗೆ ಬಿದ್ದವು. ವೇಷವೇ ಹಾಕದೆ ಹಾಡಿ ಆಟ ನಡೆಸುವ ಭಾಗವತರನ್ನು ಮೊದಲನೇ ವೇಷಧಾರಿ ಅನ್ನುತ್ತಾರೆ ಅಂದಾಗ ಅಣ್ಣನ ಮಗಳು ನಂಬಲಿಲ್ಲ, ಆಟ ನೋಡುತ್ತಾ ನೋಡುತ್ತಾ "ಹೌದತ್ತೆ, ಅವರು ಹಾಡು ನಿಲ್ಲಿಸಿದ್ರೆ ಯಾರೂ ಕುಣಿಯಲ್ಲ" ಅಂದಳು. ಈಗ ನಮ್ಮ ಮನೆಯ ಮಲಗುವ ಕೋಣೆಗೆ ಚೌಕಿ ಅಂತಲೇ ಹೆಸರು.

ಆದರೆ ಇದು ಕ್ಲಾಸಿನ ಎಲ್ಲ ಮಕ್ಕಳಿಗೂ ಆಗುವ ಮಾತಲ್ಲ. ಮೇಳಗಳ, ಅಂದರೆ ಯಕ್ಷಗಾನ ತಂಡಗಳ, ತಿರುಗಾಟ ಸುಮಾರು ನವೆಂಬರಿನಿಂದ ಮೇ ತನಕ, ಆಮೇಲೆ ಮಳೆ. ಇಡೀ ರಾತ್ರಿಯ ಆಟವಾದರೆ ಮಕ್ಕಳು ನಡುವೆಯೇ ನಿದ್ದೆ ಹೋಗುತ್ತಾರೆ, ಕೆಲವೇ ಗಂಟೆಯಲ್ಲಿ ಮುಗಿಯುವ ಕಾಲಮಿತಿಯ ಆಟವೇ ಮೇಲು. ಕಲಾವಿದರಿಗೆ ಅದು ಕೆಲಸದ ಹೊತ್ತು, ಮಕ್ಕಳು ಕಿರೀಟ ಮುಟ್ಟದ ಹಾಗೆ ನೀವೇ ಕಾಯಬೇಕು. ಮೈಸೂರಿನ ಕಡೆಯವರಾದರೆ ಅಲ್ಲಿನ ನಾಟಕ ಸಂಸ್ಥೆ ರಂಗಾಯಣದ ಚಿಣ್ಣರ ಮೇಳ ಅನ್ನೋ ಮಕ್ಕಳ ಬೇಸಿಗೆ ಶಿಬಿರ ಇದ್ದೇ ಇದೆ, ಅಲ್ಲಿ ತಾಲೀಮಿನ ಭಾರ ನಿಮ್ಮ ತಲೆಯ ಮೇಲಿರೋದಿಲ್ಲ.

ಆರು ವರ್ಷದವರೇ ಜಾಸ್ತಿ ಇದ್ದರೆ ಡಬ್ಬಿಯಿಂದ ಶುರು ಮಾಡಿ. ಎಂಟು ದಾಟಿದವರಿಗೆ ನೇರವಾಗಿ ತಾಲೀಮು, ಅದೂ ದಿನಕ್ಕೆ ನಾಲ್ಕೈದು ಹೊಸ ಮಾತಿಗಿಂತ ಹೆಚ್ಚು ಬೇಡ. ಕಾರ್ಡು ಮಾಡಿಟ್ಟುಕೊಂಡಿದ್ದರೆ ಎಸೆಯಬೇಡಿ, ಯಾರಿಗೆ ಯಾವ ಕೆಲಸ ಅಂತ ಚೀಟಿ ಎತ್ತಿಸಲು ಅದೇ ಸಾಕು.