ಪ್ರೊಪೆಲ್ಲರ್ ಶಾಫ್ಟ್‌ಗೆ ಯಾವ ಗ್ರೀಸ್, ಯಾವ ಗನ್: ಬಳಸಿ ನೋಡಿದ ಹೋಲಿಕೆ

ಪಿಕಪ್ ಗಾಡಿಯ ಪ್ರೊಪೆಲ್ಲರ್ ಶಾಫ್ಟ್‌ಗೆ, ಅಂದರೆ ಗೇರ್ ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಬಲ ಒಯ್ಯುತ್ತ ತಿರುಗುವ ಉದ್ದನೆಯ ಶಾಫ್ಟ್‌ಗೆ, ಮನೆಯಲ್ಲೇ ಗ್ರೀಸ್ ಹೊಡೆಯಲು ಹೊರಟವರು ಮೊದಲು ಕೇಳುವುದು ಯಾವ ಗ್ರೀಸ್ ಒಳ್ಳೆಯದು ಎಂದು. ಮೂರು ಬಗೆಯ ಗ್ರೀಸ್, ಅದನ್ನು ಒತ್ತಿ ತುಂಬುವ ಮೂರು ಬಗೆಯ ಗನ್‌ಗಳನ್ನು ಒಂದೇ ಗಾಡಿಯ ಮೇಲೆ ಬಳಸಿ ನೋಡಿದ್ದೇನೆ. ಎಲ್ಲ ಕಡೆಗೂ ಸಲ್ಲುವ ಒಂದೇ ಗ್ರೀಸ್ ಹುಡುಕುವುದನ್ನು ಬಿಟ್ಟು, ಶಾಫ್ಟಿನ ಕೀಲಿನಲ್ಲಿರುವ ಕೂಡು ಗುರುತಿನ ಆಕಾರದ ಕ್ರಾಸ್‌ಗೆ ಒಂದು, ಒಂದರೊಳಗೊಂದು ಜಾರುವ ಹಲ್ಲುಗಳಿರುವ ಸ್ಪ್ಲೈನ್‌ಗೆ ಇನ್ನೊಂದು ಇಟ್ಟುಕೊಳ್ಳುವುದೇ ಸರಿ ಎಂಬುದು ನನ್ನ ತೀರ್ಮಾನ. ಕ್ರಾಸ್‌ಗೆ ಆರಿಸುವಾಗ ಗ್ರೀಸಿನ ಬಣ್ಣವನ್ನೂ ನೋಡಬೇಕು. ಅದು ಏಕೆಂದು ಮುಂದೆ ಹೇಳುತ್ತೇನೆ.

ಯೂನಿವರ್ಸಲ್ ಜಾಯಿಂಟ್ ಎಂಬ ಆ ಕೀಲಿನ ಕ್ರಾಸ್‌ಗೆ ನಾಲ್ಕು ತೋಳುಗಳು. ಪ್ರತಿ ತೋಳಿನ ಮೇಲೂ ಸೂಜಿಯಂಥ ರೋಲರುಗಳು ತುಂಬಿದ ಒಂದು ಕ್ಯಾಪ್. ಗನ್ ಸಿಕ್ಕಿಸುವ ಪುಟ್ಟ ಮೂತಿಯಾದ ನಿಪ್ಪಲ್‌ನಿಂದ ಹೋದ ಗ್ರೀಸ್ ಕ್ರಾಸ್‌ನೊಳಗೆ ಕೊರೆದ ರಂಧ್ರಗಳಲ್ಲಿ ಹರಿದು ನಾಲ್ಕೂ ಕ್ಯಾಪ್‌ಗಳನ್ನು ಮುಟ್ಟಬೇಕು. ಆ ರೋಲರುಗಳು ಪೂರ್ತಿ ಸುತ್ತು ತಿರುಗುವುದಿಲ್ಲ, ಶಾಫ್ಟಿನ ಕೋನ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಹಿಂದೆ ಮುಂದೆ ಉರುಳುತ್ತವೆ. ಹಾಗಾಗಿ ಒಂದೇ ಜಾಗದಲ್ಲಿ ಗ್ರೀಸ್ ಹಿಂಡಿಹೋಗಿ, ಲೋಹಕ್ಕೆ ಲೋಹ ತಾಗಿ, ತೋಳಿನ ಮೇಲೆ ಗೀರುಗೀರಾಗಿ ತಗ್ಗು ಬೀಳುತ್ತದೆ. ನಿಧಾನವಾಗಿ ಹೋಗುವಾಗ ಕೇಳುವ ಚಿಂವ್ ಚಿಂವ್ ಸದ್ದು, ರಿವರ್ಸ್ ಗೇರಿಗೆ ಹಾಕಿದಾಗ ಬರುವ ಟಕ್ ಎಂಬ ಹೊಡೆತ ಬಹಳ ಸಲ ಇಲ್ಲಿಂದಲೇ ಬರುತ್ತವೆ.

ಗಾಡಿಯಲ್ಲಿ ಮೊದಲಿನಿಂದ ಇದ್ದದ್ದು ಲಿಥಿಯಂ ಕಾಂಪ್ಲೆಕ್ಸ್, ಗಟ್ಟಿತನದ ಅಳತೆಯಲ್ಲಿ ಎನ್‌ಎಲ್‌ಜಿಐ 2 ದರ್ಜೆಯದು, ಅಧಿಕ ಒತ್ತಡ ತಾಳುವ ಇಪಿ ಗುಣವುಳ್ಳದ್ದು. ಕ್ರಾಸ್‌ಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಗನ್‌ನಲ್ಲಿ ಸಲೀಸಾಗಿ ಹರಿಯುತ್ತದೆ, ಸೂಜಿ ರೋಲರುಗಳ ನಡುವೆ ನುಗ್ಗುತ್ತದೆ, ಎಲ್ಲೆಡೆ ಸಿಗುತ್ತದೆ. ಡಬ್ಬದ ಮೇಲೆ ಕರಗುವ ಉಷ್ಣಾಂಶವನ್ನು ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ಅದು ಚಕ್ರದ ಬೇರಿಂಗಿಗೆ ಮುಖ್ಯ. ಪ್ರೊಪೆಲ್ಲರ್ ಶಾಫ್ಟ್ ಅಷ್ಟು ಬಿಸಿಯಾಗುವ ಭಾಗವೇ ಅಲ್ಲ, ಆ ಅಂಕಿಗೆ ಮರುಳಾಗಿ ಹೆಚ್ಚು ಹಣ ಕೊಡಬೇಕಿಲ್ಲ.

ಎರಡನೆಯದು ಮಾಲಿಬ್ಡಿನಂ ಡೈಸಲ್ಫೈಡ್ ಬೆರೆಸಿದ ಗ್ರೀಸ್, ಬಳಕೆಯ ಮಾತಿನಲ್ಲಿ ಮೋಲಿ ಗ್ರೀಸ್. ಮೋಲಿಯ ಕಣಗಳು ಪದರ ಪದರವಾಗಿ ಜಾರುತ್ತವೆ, ಗ್ರೀಸ್ ಹಿಂಡಿಹೋದ ಮೇಲೂ ಲೋಹದ ಮೇಲೆ ಅಂಟಿಕೊಂಡಿರುತ್ತವೆ. ಸ್ಪ್ಲೈನ್‌ಗೆ ಬೇಕಾದದ್ದು ಇದೇ. ಸರಕು ಹೇರಿದಾಗ, ಹಳ್ಳಕ್ಕೆ ಇಳಿದಾಗ ಹಿಂದಿನ ಆಕ್ಸಲ್ ಮೇಲೆ ಕೆಳಗೆ ಆಡುತ್ತದೆ. ಶಾಫ್ಟಿನ ಉದ್ದ ಹೆಚ್ಚು ಕಡಿಮೆಯಾಗುವುದು ಸ್ಪ್ಲೈನ್ ಜಾರುವುದರಿಂದ, ಅಲ್ಲಿ ಉರುಳುವ ರೋಲರ್ ಯಾವುದೂ ಇಲ್ಲ. ಹೊರಟು ನಿಲ್ಲುವಾಗ ಸ್ಪ್ಲೈನ್ ಹಿಡಿದು ಬಿಟ್ಟು ಟಪ್ ಎನ್ನುತ್ತಿದ್ದ ಗಾಡಿ, ಲಿಥಿಯಂ ಹಾಕಿದಾಗ ಕೆಲವು ದಿನ ಸುಮ್ಮನಿದ್ದು ಮತ್ತೆ ಶುರು ಮಾಡುತ್ತಿತ್ತು. ಮೋಲಿ ಹಾಕಿದ ಮೇಲೆ ಆ ಸದ್ದು ಬಹಳ ಕಾಲ ತಲೆ ಎತ್ತಲಿಲ್ಲ. ಸ್ಪ್ಲೈನ್ ಇರುವ ಜಾರುವ ಯೋಕ್‌ಗೆ (ಯೋಕ್ ಎಂದರೆ ಕ್ರಾಸನ್ನು ಹಿಡಿಯುವ ಕವಲು) ಮೋಲಿ ಇರುವ ಲಿಥಿಯಂ ಗ್ರೀಸನ್ನೂ ಕ್ರಾಸ್‌ಗೆ ಬರಿಯ ಲಿಥಿಯಂ ಗ್ರೀಸನ್ನೂ ಹೇಳುವ ಕೈಪಿಡಿಗಳು ಇವೆ. ನಿಮ್ಮ ಗಾಡಿಯ ಕೈಪಿಡಿ ಏನು ಹೇಳುತ್ತದೋ ಅದಕ್ಕೇ ಮೊದಲ ಮಣೆ.

ಮೂರನೆಯದು ಕ್ಯಾಲ್ಸಿಯಂ ಸಲ್ಫೋನೇಟ್. ನೀರಿಗೆ ಜಗ್ಗದ ಗ್ರೀಸ್ ಎಂದರೆ ಇದು. ತುಕ್ಕನ್ನೂ ಚೆನ್ನಾಗಿ ತಡೆಯುತ್ತದೆ. ಕೆಸರು, ಹಳ್ಳದ ನೀರು ದಾಟುವ ಗಾಡಿಗೆ ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ನನ್ನ ಗಾಡಿ ಹೆಚ್ಚಾಗಿ ಒಣ ರಸ್ತೆಯಲ್ಲಿ ಓಡುವುದರಿಂದ ಲಿಥಿಯಂಗೂ ಇದಕ್ಕೂ ಕ್ರಾಸ್‌ನಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ. ಬೆಲೆ ಹೆಚ್ಚು, ಚಳಿಯಲ್ಲಿ ಗನ್‌ನಿಂದ ತುಸು ಗಟ್ಟಿಯಾಗಿ ಬರುತ್ತದೆ.

ಇನ್ನು ಬಣ್ಣದ ಮಾತು. ನಾಲ್ಕೂ ಕ್ಯಾಪ್‌ಗಳ ಸೀಲಿನ ಅಂಚಿನಲ್ಲಿ ಹೊಸ ಗ್ರೀಸ್ ಇಣುಕುವವರೆಗೆ ಹೊಡೆಯಬೇಕು ಎಂಬುದು ಕ್ರಾಸ್‌ನ ನಿಯಮ. ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿದರೆ ಮೊದಲು ಕಪ್ಪಗಿನ ಹಳೆಯ ಗ್ರೀಸ್ ದಾರದಂತೆ ಸುತ್ತಿಕೊಂಡು ಹೊರಬರುತ್ತದೆ, ಅದರ ಹಿಂದೆಯೇ ಹೊಸದು. ಒಂದು ಕ್ಯಾಪ್‌ನಲ್ಲಿ ಕೆಂಗಂದು ಬಣ್ಣದ ಪುಡಿ ಬೆರೆತು ಬಂದರೆ ಅಲ್ಲಿ ನೀರು ಹೊಕ್ಕಿದೆ, ರೋಲರುಗಳು ತುಕ್ಕು ಹಿಡಿದಿವೆ ಎಂದರ್ಥ. ಅಂಥ ಕ್ರಾಸ್‌ಗೆ ಎಷ್ಟು ಗ್ರೀಸ್ ಹೊಡೆದರೂ ದಂಡ, ಬದಲಾಯಿಸಲೇಬೇಕು. ಕೆಂಪು ಗ್ರೀಸ್ ಹಾಕಿದ್ದರೆ ಈ ತುಕ್ಕು ಕಣ್ಣಿಗೆ ಬೀಳುವುದು ಕಷ್ಟ. ಮೋಲಿ ಗ್ರೀಸೇ ಕಪ್ಪು, ಹಳೆಯದು ಯಾವುದು ಹೊಸದು ಯಾವುದು ತಿಳಿಯುವುದಿಲ್ಲ. ಆದ್ದರಿಂದ ಕ್ರಾಸ್‌ಗೆ ನಾನು ನೀಲಿ ಅಥವಾ ಹಸಿರು ಬಣ್ಣದ ಲಿಥಿಯಂ ಕಾಂಪ್ಲೆಕ್ಸನ್ನೇ ತರುತ್ತೇನೆ. ಈ ನೀಲಿ, ಹಸಿರು, ಕೆಂಪು ಬಣ್ಣ ಬರಿಯ ಡೈ, ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಕೆಳಗೆ ಮಲಗಿ ನೋಡುವವನಿಗೆ ಅದರಷ್ಟು ಉಪಕಾರಿ ಬೇರೊಂದಿಲ್ಲ.

ಒಂದು ಕ್ಯಾಪ್ ಮಾತ್ರ ಗ್ರೀಸ್ ಹೊರಬಿಡದೆ ಮೊಂಡುಹಿಡಿಯುವುದುಂಟು. ಒತ್ತಡ ಹೆಚ್ಚಿಸಬೇಡಿ. ಶಾಫ್ಟನ್ನು ಸ್ವಲ್ಪ ತಿರುಗಿಸಿ, ಆ ಕ್ಯಾಪಿನ ಮೇಲಿನ ಭಾರ ಇಳಿಯುವಂತೆ ಅತ್ತಿತ್ತ ಅಲ್ಲಾಡಿಸಿ ಮತ್ತೆ ಹೊಡೆದರೆ ಸಾಮಾನ್ಯವಾಗಿ ದಾರಿ ಬಿಡುತ್ತದೆ. ಕ್ರಾಸ್‌ನ ಈ ನಿಯಮವನ್ನು ಸ್ಪ್ಲೈನ್‌ಗೆ ಅನ್ವಯಿಸಬಾರದು. ಅಲ್ಲಿ ಗ್ರೀಸ್ ಹೊರಬರುವವರೆಗೆ ತುಂಬಿದರೆ ಯೋಕ್‌ನೊಳಗೆ ಒತ್ತಡ ನಿಂತು, ಶಾಫ್ಟ್ ಕುಗ್ಗಬೇಕಾದಾಗ ಕುಗ್ಗದೆ ಗೇರ್ ಬಾಕ್ಸ್‌ನ ಬೇರಿಂಗಿನ ಮೇಲೆ ಭಾರ ಬೀಳಬಹುದು. ಯೋಕ್ ಹೊರಕ್ಕೆ ಸರಿಯುತ್ತಿದೆ ಎನಿಸಿದ ಕೂಡಲೇ ನಿಲ್ಲಿಸಬೇಕು.

ಈ ಎರಡು ಕೆಲಸಗಳಲ್ಲೇ ಗನ್‌ಗಳ ವ್ಯತ್ಯಾಸ ಎದ್ದು ಕಾಣುತ್ತದೆ. ಉದ್ದ ಹಿಡಿಯ ಲಿವರ್ ಗನ್ ನನ್ನ ಮೊದಲ ಆಯ್ಕೆ. ಎದುರಾಗುವ ಬಿಗಿ ಕೈಗೆ ತಿಳಿಯುತ್ತದೆ, ಸೀಲ್ ಬಾಯಿ ತೆರೆದ ಕ್ಷಣ ಆ ಬಿಗಿ ಸಡಿಲುತ್ತದೆ. ಅದಕ್ಕೆ ಎರಡೂ ಕೈ ಬೇಕು, ಹಾಗಾಗಿ ಬಗ್ಗುವ ಹೋಸ್ ಮತ್ತು ನಿಪ್ಪಲನ್ನು ಕಚ್ಚಿ ಹಿಡಿಯುವ ಕಪ್ಲರ್ ಇಲ್ಲದೆ ಕೆಲಸ ಸಾಗದು. ಪಿಸ್ತೂಲ್ ಹಿಡಿಯ ಗನ್ ಒಂದೇ ಕೈಯಲ್ಲಿ ನಡೆಯುತ್ತದೆ, ಇಕ್ಕಟ್ಟಿನಲ್ಲಿ ಇನ್ನೊಂದು ಕೈಯಿಂದ ಕಪ್ಲರ್ ಅದುಮಬಹುದು. ಒತ್ತಿಗೆ ಬರುವ ಗ್ರೀಸ್ ಕಡಿಮೆಯಾದ್ದರಿಂದ ಮುಂಗೈ ಸೋಲುತ್ತದೆ. ಆದರೆ ಸ್ಪ್ಲೈನ್‌ಗೆ ಇದೇ ವಾಸಿ, ಹೆಚ್ಚಾಗಿ ಹೋಗುವ ಭಯವಿಲ್ಲ. ಬ್ಯಾಟರಿ ಗನ್ ಬಹಳ ವೇಗ. ಹಲವು ಗಾಡಿಗಳಿಗೆ ಗ್ರೀಸ್ ಹೊಡೆಯುವವರಿಗೆ ವರ, ಮನೆಯ ಒಂದು ಗಾಡಿಗೆ ಬೇಡ. ಬಿಗಿ ಕೈಗೆ ತಿಳಿಯುವ ಮೊದಲೇ ಸೀಲ್ ಒಳಮೈ ಹೊರಚಾಚಿ ಕೂತಿರುತ್ತದೆ. ಗನ್ ಯಾವುದೇ ಇರಲಿ, ನಿಪ್ಪಲ್ ಒರೆಸದೆ ಹೊಡೆದರೆ ಅದರ ಮೇಲಿನ ಧೂಳನ್ನೇ ಬೇರಿಂಗಿಗೆ ತುಂಬಿದ ಹಾಗೆ.

ಗ್ರೀಸಿನ ಬದಲು ಸ್ಪ್ರೇ ಲೂಬ್ರಿಕೆಂಟ್ ಸಾಕು ಎನ್ನುವವರೂ ಇದ್ದಾರೆ. ಸದ್ದೇನೋ ಸ್ವಲ್ಪ ಕಾಲ ಅಡಗುತ್ತದೆ, ಉಳಿದ ಗ್ರೀಸನ್ನೂ ಅದು ತೊಳೆದುಹಾಕುತ್ತದೆ. ಹೋಲಿಕೆಗೆ ಅದನ್ನು ನಿಲ್ಲಿಸುವುದೇ ತಪ್ಪು.

ಗ್ರೀಸ್ ಬಗೆ ಬದಲಿಸುವಾಗ ಒಂದು ಎಚ್ಚರಿಕೆ. ಪಾಲಿಯೂರಿಯಾ ಅಥವಾ ಜೇಡಿ ಆಧಾರದ ಗ್ರೀಸ್‌ಗಳು ಲಿಥಿಯಂ ಜೊತೆ ಬೆರೆತರೆ ಅನೇಕ ಸಲ ತೆಳುವಾಗಿ ಹರಿದುಹೋಗುತ್ತವೆ. ಕ್ರಾಸ್‌ನಲ್ಲಾದರೆ ಹಳೆಯದು ಪೂರ್ತಿ ಹೊರಬರುವವರೆಗೆ ಹೊಡೆಯಿರಿ, ಇಲ್ಲವೇ ಒಂದೇ ಬಗೆಗೆ ಅಂಟಿಕೊಳ್ಳಿ.

ಕೆಲಸಕ್ಕೆ ಇಳಿಯುವಾಗ ಸಮತಟ್ಟು ನೆಲ, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಟ್ಟೆ, ಎತ್ತಿದ ಹಿಂದಿನ ಆಕ್ಸಲ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಇರಲಿ. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ಹೋಗಬಾರದು. ನಿಪ್ಪಲ್ ಎದುರಿಗೆ ಬರಲು ಗೇರನ್ನು ನ್ಯೂಟ್ರಲ್‌ಗೆ ತಂದು ಶಾಫ್ಟನ್ನು ತಿರುಗಿಸಬೇಕು. ಹಿಂದಿನ ಚಕ್ರಗಳನ್ನು ಎತ್ತಿದ ಮೇಲೆ ಹ್ಯಾಂಡ್ ಬ್ರೇಕ್ ಗಾಡಿಯನ್ನು ಹಿಡಿದು ನಿಲ್ಲಿಸದು, ಹಿಡಿಯುವುದು ಆ ಅಡ್ಡಗಟ್ಟೆಗಳೇ. ಎಂಜಿನ್ ಆಯಿಲ್ ಬದಲಿಸುವಾಗಲೆಲ್ಲ ಇದನ್ನೂ ಮುಗಿಸುತ್ತೇನೆ. ನೀರಿನಲ್ಲಿ ಇಳಿದು ಬಂದ ದಿನ ಆ ಲೆಕ್ಕ ನಡೆಯುವುದಿಲ್ಲ, ಆಗಲೇ ಹೊಡೆಯಬೇಕು.

ಕ್ರಾಸ್ ಬದಲಿಸುವ ಹೊತ್ತು ಬಂದರೆ ಇನ್ನೊಂದು ಆಯ್ಕೆ ಎದುರಾಗುತ್ತದೆ: ನಿಪ್ಪಲ್ ಇರುವ ಕ್ರಾಸೇ, ಸೀಲ್ ಮಾಡಿದ್ದೇ? ರಂಧ್ರ ಕೊರೆಯದ ಸೀಲ್ಡ್ ಕ್ರಾಸ್ ಹೆಚ್ಚು ಬಲ, ಭಾರ ಎಳೆಯುವವರಿಗೆ ಒಪ್ಪುತ್ತದೆ. ಆದರೆ ಒಳಗಿನ ಗ್ರೀಸ್ ಕೆಟ್ಟರೆ ಮಾಡಲು ಏನೂ ಇಲ್ಲ, ಸದ್ದು ಬರುವವರೆಗೆ ಕಾಯಬೇಕು. ಗಾಡಿಯ ಕೆಳಗೆ ಆಗಾಗ ಮಲಗಲು ತಯಾರಿರುವವರು ನಿಪ್ಪಲ್ ಇರುವುದನ್ನೇ ಹಾಕಿಸಿ, ಅದೂ ನಿಪ್ಪಲ್ ಗನ್ನಿಗೆ ಸಿಗುವ ಕಡೆಗೆ ತಿರುಗಿರುವಂತೆ. ಜೋಡಿಸಿ ಬೋಲ್ಟ್ ಬಿಗಿದ ಮೇಲೆ ಅದನ್ನು ತಿರುಗಿಸಲಾಗದು. ಶಾಫ್ಟ್ ಬಿಚ್ಚುವ ಮೊದಲು ಎರಡೂ ಯೋಕ್‌ಗಳ ಮೇಲೆ ಬಣ್ಣದಲ್ಲಿ ಗೆರೆ ಎಳೆದುಕೊಳ್ಳಿ. ಇದ್ದ ಸ್ಥಾನಕ್ಕೇ ಕೂರದಿದ್ದರೆ ವೇಗ ಹೆಚ್ಚಿದಾಗ ಇಡೀ ಗಾಡಿ ಅದುರುತ್ತದೆ.